ದಿನಕ್ಕೊಂದು ಧಮ್ಮ ಚಿಂತನೆ: ನದಿಯ ಹುಟ್ಟು, ನಮ್ಮ ನಡತೆ

 

ಬೆಂಗಳೂರಿನ ವೃಷಭಾವತಿ ನದಿ ಬಸವನಗುಡಿಯ ನಂದಿಯ ಪಾದದಡಿಯಲ್ಲಿ ಹುಟ್ಟಿತೆಂದು ಜನ ನಂಬುತ್ತಾರೆ. ಇಷ್ಟು ‘ಪವಿತ್ರ’ವಾದ ಹುಟ್ಟು ಎಷ್ಟು ನದಿಗಳಿಗಿದೆ? ಆದರೂ ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರು ಆ ನದಿ ಹತ್ತಿರವಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಹುಟ್ಟಿನ ಹಿರಿಮೆ ನದಿಯನ್ನು ಕಾಯಲಿಲ್ಲ. ನಾವು ಏನು ಸುರಿದೆವೋ ನದಿ ಅದೇ ಆಯಿತು. ವಸಲ ಸುತ್ತದ ಸಾರವೂ ಇದೇ: ಮನುಷ್ಯನನ್ನು ಅಳೆಯಬೇಕಾದದ್ದು ಅವನ ನಡತೆಯಿಂದ, ಹುಟ್ಟಿನಿಂದಲ್ಲ.

ಅದೇ ರಸ್ತೆಯ ನಾಯಂಡಹಳ್ಳಿಯ ಬಳಿ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಇಂಥ ಘಟಕದಲ್ಲಿ ಮಂತ್ರವಿಲ್ಲ, ಮಡಿಯಿಲ್ಲ. ಮೊದಲು ಸರಳುಗಳ ಜಾಲರಿ ಬಟ್ಟೆ, ಪ್ಲಾಸ್ಟಿಕ್ ತಡೆಯುತ್ತದೆ. ಆಮೇಲೆ ಮರಳು ತಳಕ್ಕಿಳಿಯುತ್ತದೆ. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ಕರಗಿದ ಕೊಳೆಯನ್ನು ತಿನ್ನುತ್ತವೆ. ಕೊನೆಗೆ ಕೆಸರು ಕೆಳಗೆ ಕೂರುತ್ತದೆ, ತಿಳಿನೀರು ಮೇಲೆ ಉಳಿಯುತ್ತದೆ. ಇದು ಯಾರ ಮನೆಯ ನೀರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನೀರಿನಲ್ಲಿ ಏನಿದೆ, ಅದನ್ನು ಹೇಗೆ ತೆಗೆಯಬೇಕು ಎಂಬುದಷ್ಟೇ ಪ್ರಶ್ನೆ. ನಮ್ಮ ಧಮ್ಮವೂ ಮನಸ್ಸಿನ ಕೊಳೆಯನ್ನು ಹೀಗೆಯೇ ಹಂತಹಂತವಾಗಿ ತೆಗೆಯಲು ಹೇಳುತ್ತದೆ.

ಥೇರಿಗಾಥೆಯಲ್ಲಿ ಪುಣ್ಣಿಕಾ ಎಂಬ ನೀರು ಹೊರುವ ದಾಸಿ ಬರುತ್ತಾಳೆ. ಚಳಿಯಲ್ಲಿ ನಡುಗುತ್ತ ನದಿಯಲ್ಲಿ ಮುಳುಗುವ ಬ್ರಾಹ್ಮಣನನ್ನು ಅವಳು ತಡೆದು ಕೇಳುತ್ತಾಳೆ: ನೀರಿನಿಂದ ಪಾಪ ಹೋಗುವುದಾದರೆ ಮೀನು, ಕಪ್ಪೆ, ಆಮೆಗಳೆಲ್ಲ ಸ್ವರ್ಗಕ್ಕೆ ಹೋಗಬೇಕಲ್ಲವೇ? ನದಿ ನಮ್ಮನ್ನು ಶುದ್ಧ ಮಾಡುವುದಿಲ್ಲ. ನದಿಯನ್ನು ಶುದ್ಧವಾಗಿಡುವ ಹೊಣೆ ನಮ್ಮದು. ಶುದ್ಧವಾಗದೆ ನದಿಗೆ ಬಿದ್ದ ಕೊಳಚೆ ಬೈರಮಂಗಲ ಕೆರೆಗೆ, ಅಲ್ಲಿಂದ ರೈತರ ಹೊಲಕ್ಕೆ, ಮುಂದೆ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಕಾರಣ ನಮ್ಮ ಬಚ್ಚಲಿನಲ್ಲಿ, ಪರಿಣಾಮ ಇನ್ನೊಬ್ಬರ ತಟ್ಟೆಯಲ್ಲಿ. ಪಟಿಚ್ಚಸಮುಪ್ಪಾದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿಯದು.

ಬಂಧುಗಳೇ, ಕೊಳಚೆಯ ಹಾದಿಯಲ್ಲಿ ಮನುಷ್ಯನೂ ಇದ್ದಾನೆ. ಕೊಳವೆ ಕಟ್ಟಿಕೊಂಡಾಗ, ಪಿಟ್ ತುಂಬಿದಾಗ ಒಳಗೆ ಇಳಿಯುವವನು ಯಾರು? ಅವನ ಕೇರಿ ಯಾವುದು ಎಂದು ನಾನು ನಿಮಗೆ ಹೇಳಬೇಕಿಲ್ಲ. ಅಲ್ಲಿ ಕಟ್ಟಿಕೊಂಡ ವಿಷಗಾಳಿ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಿಸಲು ಇಳಿದವನೂ ಮೇಲೆ ಬರುವುದಿಲ್ಲ. 2013ರ ಕಾಯ್ದೆ ಇಂಥ ಅಪಾಯದ ಕೆಲಸಕ್ಕೆ ಯಾರನ್ನೂ ಹಚ್ಚಬಾರದು ಎನ್ನುತ್ತದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಸಾವು ನಿಂತಿಲ್ಲ.

ಬಾಬಾಸಾಹೇಬರ ಹೋರಾಟದ ಫಲವಾಗಿ ನಮ್ಮಲ್ಲಿ ಅನೇಕರು ಓದಿ, ನೌಕರಿ ಹಿಡಿದು, ಮನೆ ಕಟ್ಟಿದ್ದೇವೆ. ಆ ಮನೆಯ ಪಿಟ್ ತುಂಬಿದ ದಿನ ಗುತ್ತಿಗೆದಾರ, “ಮೆಷಿನ್ ಯಾಕೆ ಸಾರ್, ಹುಡುಗರು ಇಳೀತಾರೆ, ಕಡಿಮೆಗೆ ಆಗುತ್ತೆ” ಅನ್ನುತ್ತಾನೆ. ಬೆಳಿಗ್ಗೆ ಬುದ್ಧವಂದನೆಯಲ್ಲಿ ಹೇಳಿದ ಮೊದಲ ಶೀಲಕ್ಕೆ ನಿಜವಾದ ಪರೀಕ್ಷೆ ಆ ಕ್ಷಣವೇ. ಪ್ರಾಣಿಹಿಂಸೆಯಿಂದ ದೂರವಿರುವುದು ಎಂದರೆ ಕತ್ತಿ ಹಿಡಿಯದಿರುವುದು ಮಾತ್ರವಲ್ಲ. ಸಾವಿನ ಬಾಯಿಗೆ ಇನ್ನೊಬ್ಬನನ್ನು ಕೂಲಿ ಕೊಟ್ಟು ಇಳಿಸದಿರುವುದೂ ಹೌದು. ಇಳಿಯುವ ಆ ಹುಡುಗನಿಗೂ ನಮ್ಮ ಮಕ್ಕಳಿಗೂ ನಡುವೆ ಇರುವುದು ಒಂದೋ ಎರಡೋ ತಲೆಮಾರಿನ ಓದು, ಅಷ್ಟೇ.

ಬಾಬಾಸಾಹೇಬರು ತಮ್ಮ ಧಮ್ಮಗ್ರಂಥದಲ್ಲಿ ಜಾಡಮಾಲಿ ಸುನೀತನ ಕಥೆ ಹೇಳಿದ್ದಾರೆ. ಭಗವಾನ್ ಬುದ್ಧರು ಅವನ ಕೈಗೆ ಹೊಸ ಪೊರಕೆ ಕೊಡಲಿಲ್ಲ, ಚೀವರ ಕೊಟ್ಟರು.

ಇಂದಿನ ಸಂಕಲ್ಪ: ನನ್ನ ಮನೆ, ನನ್ನ ಬೀದಿ, ನಾನು ಕೆಲಸ ಮಾಡುವ ಜಾಗ, ಈ ಮೂರರಲ್ಲಿ ಯಾವ ಗುಂಡಿಗೂ ಮನುಷ್ಯ ಇಳಿಯಲು ಬಿಡುವುದಿಲ್ಲ. ಯಂತ್ರ ಬರುವವರೆಗೆ ಕಾಯುತ್ತೇನೆ, ಹೆಚ್ಚು ಹಣ ಕೊಡುತ್ತೇನೆ, ಯಾರಾದರೂ ಇಳಿಯುತ್ತಿದ್ದರೆ ನಿಂತು ತಡೆಯುತ್ತೇನೆ.

ಸಕಲ ಜೀವಿಗಳಿಗೂ ಒಳಿತಾಗಲಿ. ಜೈ ಭೀಮ್.