ಪಾಸ್‌ಪೋರ್ಟ್ ಎಂಬ ಅಮಾನತ್

ನಿಮ್ಮ ಪಾಸ್‌ಪೋರ್ಟನ್ನು ತೆರೆದು ನೋಡಿ. ಅದನ್ನು ಹೊಂದಿದವರಿಗೆ ನೆರವು, ರಕ್ಷಣೆ ನೀಡಬೇಕೆಂದು ಪರದೇಶಗಳನ್ನು ರಾಷ್ಟ್ರಪತಿಗಳ ಹೆಸರಿನಲ್ಲಿ ಕೋರಲಾಗಿದೆ. ಪರರನ್ನು ಹೀಗೆ ಕೋರುವ ಸರಕಾರ ತಾನೇ ಕೈಕಟ್ಟಿ ಕೂರಬಹುದೇ?

ನಮ್ಮ ಶ್ರೀನಗರದಿಂದ ಬಿ.ಟಿ.ಎಂ. ಲೇಔಟ್ ದೂರವೇನಲ್ಲ. ಅಲ್ಲಿದ್ದ ತನ್ನ ಕುಟುಂಬವನ್ನು ಕಾಣಲು ಹೊರಟಿದ್ದ ಡಾ| ಮುಹಮ್ಮದ್ ಹನೀಫ್‌ರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಸಂಬಂಧಿಗೆ ಕೊಟ್ಟಿದ್ದ ಸಿಮ್ ಕಾರ್ಡೇ ಭಯೋತ್ಪಾದನೆಯ ಆರೋಪಕ್ಕೆ ಆಧಾರವಾಯಿತು. ಜಾಮೀನು ಸಿಕ್ಕ ದಿನವೇ ವೀಸಾ ರದ್ದಾಯಿತು. ಆ ಬಳಿಕ ದೆಹಲಿಯು ಆಸ್ಟ್ರೇಲಿಯಾದ ಹೈಕಮಿಷನರನ್ನು ಕರೆಸಿ ಕಳವಳ ತಿಳಿಸಿತು. ಜುಲೈ 27ರಂದು ಮೊಕದ್ದಮೆಯನ್ನು ಕೈಬಿಡಲಾಯಿತು. 2010ರಲ್ಲಿ ಆಸ್ಟ್ರೇಲಿಯಾ ಕ್ಷಮೆ ಕೇಳಿ ಪರಿಹಾರ ನೀಡಿತು.

ನಿರಪರಾಧಿಯೆಂದು ಸಾಬೀತಾದ ಮೇಲೆ ಅಪ್ಪಿಕೊಳ್ಳುವುದು ಸುಲಭ. ಸರಕಾರದ ಹೊಣೆ ಆರಂಭವಾಗುವುದು ಅದಕ್ಕಿಂತ ಮೊದಲು, ಸಂಶಯ ದಟ್ಟವಾಗಿರುವಾಗಲೇ. ಬಂಧಿತನನ್ನು ಭೇಟಿಯಾಗಲು, ವಕೀಲರನ್ನು ಒದಗಿಸಲು ಅವನ ದೇಶದ ಅಧಿಕಾರಿಗಳಿಗೆ 1963ರ ವಿಯೆನ್ನಾ ಒಪ್ಪಂದ ಹಕ್ಕು ನೀಡಿದೆ. ಅದು ಅಪರಾಧಿ, ನಿರಪರಾಧಿ ಎಂಬ ಭೇದ ಮಾಡುವುದಿಲ್ಲ. ರಕ್ಷಣೆಯೆಂದರೆ ತಪ್ಪನ್ನು ಮುಚ್ಚಿಹಾಕುವುದಲ್ಲ. ನ್ಯಾಯ ತಪ್ಪದಂತೆ ಕಾಯುವುದು.

ಆಡಳಿತಗಾರನನ್ನು ಪ್ರವಾದಿವರ್ಯರು(ಸ) ಕುರಿ ಕಾಯುವವನಿಗೆ ಹೋಲಿಸಿ, ತನ್ನ ಪ್ರಜೆಗಳ ಕುರಿತು ಅವನು ಉತ್ತರಿಸಬೇಕಾಗುವುದೆಂದು ಎಚ್ಚರಿಸಿದರು. ಕುರಿ ಬೇಲಿ ದಾಟಿದೊಡನೆ ಕಾಯುವವನ ಹೊಣೆ ಮುಗಿಯುವುದೇ?

ಆದರೆ ಉತ್ತರಿಸಬೇಕಾದವರು ಆಳುವವರು ಮಾತ್ರವಲ್ಲ. ನಮ್ಮವರೆಂದು ಹನೀಫ್‌ರಿಗಾಗಿ ಮರುಗಿದ ನಾವು, ಅನ್ಯಧರ್ಮೀಯ ಸಹೋದರನೊಬ್ಬ ಪರದೇಶದ ಸೆರೆಯಲ್ಲಿರುವಾಗ ಮರುಗುತ್ತೇವೆಯೇ? ಪರದೇಶದವನು ನಮ್ಮ ಸೆರೆಮನೆಯಲ್ಲಿರುವಾಗ? ಸ್ವಂತದವರಿಗೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ. ಬ್ರಿಸ್ಬೇನಿನಲ್ಲಿ ಬೇಡಿದ ನ್ಯಾಯವನ್ನು ಬೆಂಗಳೂರಿನಲ್ಲಿ ಕೊಡಲೂ ನಾವು ಸಿದ್ಧರಿರಬೇಕು.