ದಂತವೈದ್ಯನ ಸ್ವಾಧ್ಯಾಯಧರ್ಮ

ವಿದ್ಯೆಗೆ ಆದಿಯುಂಟು, ಅಂತ್ಯವಿಲ್ಲವೆಂದು ಎಲ್ಲರೂ ಹೇಳುವರು. ಆ ಮಾತು ಯಾರ ಮೇಲೆ ಎಂತಹ ಭಾರವನ್ನು ಹೊರಿಸುವುದೆಂದು ವಿಚಾರಿಸುವವರು ವಿರಳ. ಕಾವ್ಯವನ್ನು ಓದುವವನು ಓದನ್ನು ನಿಲ್ಲಿಸಿದರೆ ನಷ್ಟವು ಅವನದೇ. ಪರರ ಶರೀರದ ಮೇಲೆ ಆಯುಧವನ್ನಿಡುವವನು ಓದನ್ನು ನಿಲ್ಲಿಸಿದರೆ ನಷ್ಟವು ಯಾರದು? ಈ ಪ್ರಶ್ನೆಯನ್ನು ದಂತವೈದ್ಯವೃತ್ತಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ. ಅದರಲ್ಲಿಯೂ ಹುಳುಕು ಹಲ್ಲನ್ನು ತುಂಬಿ ಸರಿಪಡಿಸುವುದು, ಹಲ್ಲು ಹೋದೆಡೆಯಲ್ಲಿ ದವಡೆಯೆಲುಬಿಗೆ ಲೋಹದ ಬೇರನ್ನು ನೆಟ್ಟು ಹೊಸ ಹಲ್ಲನ್ನು ಕೂಡಿಸುವುದು, ಇವೆರಡನ್ನೇ ಇಲ್ಲಿ ತೆಗೆದುಕೊಂಡಿದೆ. ಎರಡನೆಯದನ್ನು ಇಂಪ್ಲಾಂಟ್ ಎನ್ನುವರು.

ಮೊದಲು ಪೂರ್ವಪಕ್ಷ. “ಪದವಿಯನ್ನು ಪಡೆದು ಮೂವತ್ತು ವರ್ಷ ಸಾವಿರಾರು ಬಾಯಿಗಳನ್ನು ಕಂಡವನಿಗೆ ಇನ್ನು ಪಾಠವೇಕೆ? ಅನುಭವವೇ ಅವನ ಗುರು, ಕೈಗುಣವೇ ಅವನ ಶಾಸ್ತ್ರ” ಎಂದು ಕೆಲವರು ವಾದಿಸುವರು. ಇದರಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಅನುಭವವು ತಾನು ಕಂಡುದನ್ನು ಮಾತ್ರ ಕಲಿಸುವುದು. ತುಂಬಿದ ಹಲ್ಲು ಹತ್ತು ವರ್ಷದ ಮೇಲೆ ಸೀಳಿದಾಗ ರೋಗಿಯು ಬೇರೊಂದು ಊರಿನಲ್ಲಿ ಬೇರೊಬ್ಬ ವೈದ್ಯನ ಮುಂದೆ ಕುಳಿತಿರಬಹುದು; ಮೊದಲಿನವನು ತನ್ನ ಕೆಲಸ ಭದ್ರವಾಗಿ ನಿಂತಿದೆಯೆಂದೇ ನಂಬಿರುವನು.

ಒಂದು ನಿದರ್ಶನವನ್ನು ನೋಡೋಣ. ಅಮೆರಿಕದ ಜಿ. ವಿ. ಬ್ಲ್ಯಾಕ್ (1836–1915) ನವೀನ ದಂತವೈದ್ಯಕ್ಕೆ ತಳಹದಿ ಹಾಕಿದವರಲ್ಲೊಬ್ಬರು. ಹುಳುಕನ್ನು ತೆಗೆಯುವಾಗ ಸುತ್ತಲಿನ ಗಟ್ಟಿ ಭಾಗವನ್ನೂ ನಿಯತವಾದ ಆಕಾರಕ್ಕೆ ಕೊರೆಯಬೇಕೆಂದು ಅವರು ವಿಧಿಸಿದರು. ಅಂದಿಗೆ ಅದು ಯುಕ್ತವೇ. ಪಾದರಸ, ಬೆಳ್ಳಿ ಮುಂತಾದುವುಗಳ ಮಿಶ್ರಲೋಹವು ಹಲ್ಲಿಗೆ ಅಂಟದು. ಗುಳಿಯ ಆಕಾರವೇ ಅದನ್ನು ಹಿಡಿದು ನಿಲ್ಲಿಸಬೇಕು. ಮತ್ತೆ ಹುಳುಕು ಹತ್ತಬಹುದಾದ ಎಡೆಗಳನ್ನು ಮುಂದಾಗಿಯೇ ತೆಗೆದುಬಿಡುವುದು ಲೇಸೆಂದೂ ತೋರಿತು. 1955ರಲ್ಲಿ ಮೈಕೇಲ್ ಬ್ಯುನೊಕೋರ್ ಎಂಬವರು, ಹಲ್ಲಿನ ಮೇಲ್ಪದರವಾದ ಎನಾಮಲನ್ನು ಫಾಸ್ಫರಿಕ್ ಆಮ್ಲದಿಂದ ತುಸು ತರಿಮಾಡಿದರೆ ರಾಳವು ಅದಕ್ಕೆ ಗಟ್ಟಿಯಾಗಿ ಅಂಟುವುದೆಂದು ತೋರಿಸಿದರು. ಕ್ರಮೇಣ ಅಂಟುವ ವಸ್ತುಗಳು ಬೆಳೆದು, ಆರೋಗ್ಯವಾದ ಭಾಗವನ್ನು ಕೊರೆಯುವ ಕಾರಣವೇ ಬಹುಮಟ್ಟಿಗೆ ಇಲ್ಲವಾಯಿತು. ಇದನ್ನರಿಯದೆ ಹಳೆಯ ವಿಧಿಯನ್ನೇ ನಡೆಸಿದವನು ದುಷ್ಟನಲ್ಲ, ನಿಷ್ಠಾವಂತನೇ. ಆದರೂ ಅವನ ನಿಷ್ಠೆಯು ದಿನದಿನವೂ ಒಳ್ಳೆಯ ಹಲ್ಲನ್ನು ಸವೆಯಿಸಿತು. ಉಪಾಧ್ಯಾಯನು ತಪ್ಪು ಕಲಿಸಿದರೆ ಮತ್ತೊಬ್ಬನು ತಿದ್ದಬಹುದು. ಕೊರೆದ ಹಲ್ಲು ಮತ್ತೆ ಬೆಳೆಯದು.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವೇದವನ್ನು ಕಲಿಸಿದ ಆಚಾರ್ಯನು ಶಿಷ್ಯನಿಗೆ ಸ್ವಾಧ್ಯಾಯದಲ್ಲಿ ಎಚ್ಚರ ತಪ್ಪಬಾರದೆಂದು ಆಜ್ಞಾಪಿಸುವನು. ಪಾಠ ಮುಗಿದ ದಿನವೇ ಈ ಆಜ್ಞೆ ಏಕೆ? ಅಂದಿನವರೆಗೆ ಗುರುವಿನ ಕಣ್ಣು ಕಾಯುತ್ತಿತ್ತು. ಮುಂದೆ ಕಾಯಬೇಕಾದುದು ಅವನ ಅಂತಃಕರಣವೇ. ಪದವಿಯು ಒಂದು ದಿನದ ತಿಳಿವಳಿಕೆಗೆ ಸಾಕ್ಷಿ. ಇಂದಿನ ರೋಗಿಗೆ ಬೇಕಾದುದು ಇಂದಿನ ತಿಳಿವಳಿಕೆ. ಬಾಯಿ ತೆರೆದು ಕುಳಿತವನು ಒಳಗೆ ನಡೆಯುವುದನ್ನು ಕಾಣನು, ಕಂಡರೂ ಬೆಲೆಕಟ್ಟಲಾರನು. ಆ ನಂಬಿಕೆಯೇ ವೈದ್ಯನ ಋಣ. ಸ್ವಾಧ್ಯಾಯವು ಅದರ ತೀರುವಳಿ.

ಈ ತೀರುವಳಿಯನ್ನು ಕಾಯಿದೆಯಿಂದ ಅಳೆಯುವ ಯತ್ನವೂ ನಡೆದಿದೆ. ಬ್ರಿಟನ್ನಿನಲ್ಲಿ 2018ರಲ್ಲಿ ಬಂದ ನಿಯಮವು ದಂತವೈದ್ಯನಿಗೆ ಐದು ವರ್ಷಗಳಲ್ಲಿ 100 ಗಂಟೆಗಳ ಶಿಕ್ಷಣವನ್ನು ವಿಧಿಸಿತು. ನಮ್ಮಲ್ಲಿಯೂ 1948ರ ದಂತವೈದ್ಯರ ಕಾಯಿದೆಯಂತೆ ಏರ್ಪಟ್ಟ ಪರಿಷತ್ತು ಇಂತಹ ಶಿಕ್ಷಣಕ್ಕೆ ಅಂಕಗಳನ್ನು ಗೊತ್ತುಮಾಡಿತು. ಇದು ಅವಶ್ಯಕವೇ. ಆದರೆ ಗಂಟೆಗಳನ್ನೆಣಿಸಬಹುದಲ್ಲದೆ ಕಲಿತುದನ್ನು ಎಣಿಸಲಾಗದು.

ಕಲಿಯದಿರುವುದು ದೋಷವಾದಂತೆ ಅರೆಕಲಿಕೆಯೂ ದೋಷವೇ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕರು (1929–2014) 1950ರ ದಶಕದ ಆರಂಭದಲ್ಲಿ, ರಕ್ತಸಂಚಾರವನ್ನು ನೋಡಲೆಂದು ಮೊಲದ ಎಲುಬಿನಲ್ಲಿ ಟೈಟೇನಿಯಂ ಉಪಕರಣವನ್ನಿಟ್ಟರು. ತೆಗೆಯಹೋದಾಗ ಅದು ಎಲುಬಿನೊಡನೆ ಒಂದಾಗಿತ್ತು. ಮನುಷ್ಯನ ದವಡೆಗೆ ಅಂತಹ ಬೇರನ್ನು ಅವರು ಮೊದಲು ನೆಟ್ಟುದು 1965ರಲ್ಲಿ. ಲೋಕದ ದಂತವೈದ್ಯರು ವ್ಯಾಪಕವಾಗಿ ಒಪ್ಪಿದುದು 1982ರ ಟೊರಾಂಟೊ ಸಮ್ಮೇಳನದ ಬಳಿಕ. ಇಷ್ಟು ತಾಳ್ಮೆಯಿಂದ ದೊರೆತ ವಿದ್ಯೆಯನ್ನು ಎರಡು ಮೂರು ದಿನಗಳ ಶಿಬಿರದಲ್ಲಿ ಪೂರ್ಣವಾಗಿ ಪಡೆದೆನೆಂಬುವನನ್ನು ಏನೆನ್ನಬೇಕು? ಶಿಬಿರವು ಬಾಗಿಲು ಮಾತ್ರ.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಿಷ್ಯನು ಛೇದನವನ್ನು ಕುಂಬಳ, ಸೋರೆಗಳ ಮೇಲೆಯೂ, ಕೀಳುವ ಕ್ರಿಯೆಯನ್ನು ಸತ್ತ ಪಶುಗಳ ಹಲ್ಲುಗಳ ಮೇಲೆಯೂ ಅಭ್ಯಾಸಮಾಡಬೇಕೆಂಬ ವಿಧಿಯುಂಟು. ಇಂದಿನ ಶಿಕ್ಷಣದಲ್ಲಿಯೂ ಕೃತಕ ದವಡೆಗಳ ಮೇಲೆ ಅಭ್ಯಾಸ ನಡೆಯುವುದು. ಅಲ್ಲಿಂದ ಜೀವಂತ ಮನುಷ್ಯನ ಬಳಿಗೆ ಬರುವಾಗ ಬಲ್ಲವನೊಬ್ಬನು ಪಕ್ಕದಲ್ಲಿರತಕ್ಕದ್ದು. ಈ ಕೆಲಸ ತನಗೆ ಹೊಸದೆಂದು ರೋಗಿಗೆ ತಿಳಿಸತಕ್ಕದ್ದು. ತಿಳಿಸಿದರೆ ಅವನು ಎದ್ದುಹೋಗನೆ? ಹೋಗುವ ಅಧಿಕಾರ ಅವನದು. ಮರೆಮಾಚಿ ಉಳಿಸಿಕೊಂಡ ನಂಬಿಕೆಯು ಕದ್ದ ಒಡವೆಯಂತೆ.

ಇನ್ನೊಂದು ಪ್ರಲೋಭನವಿದೆ. ಹೊಸ ವಿದ್ಯೆಯನ್ನು ಕಲಿತ ಕೈ ಅದನ್ನು ಪ್ರಯೋಗಿಸಲು ತವಕಿಸುವುದು; ಸಾಲಮಾಡಿ ಕೊಂಡ ಯಂತ್ರವೂ ತ್ವರೆಪಡಿಸುವುದು. ಬೇರಿನ ಚಿಕಿತ್ಸೆಯಿಂದ ಉಳಿಯಬಹುದಾದ ಹಲ್ಲು ಕೀಳತಕ್ಕದ್ದಾಗಿ ಕಾಣತೊಡಗುವುದು. ಹುಟ್ಟುಹಲ್ಲಿಗೂ ಎಲುಬಿಗೂ ನಡುವೆ ನಾರುಗಳ ಮೆತ್ತೆಯೊಂದಿದ್ದು ಅಗಿಯುವ ಒತ್ತಡವನ್ನು ತಾಳುವುದು, ತಿಳಿಸುವುದು. ನೆಟ್ಟ ಬೇರಿಗೆ ಅದಿಲ್ಲ. ಅದರ ಸುತ್ತ ಉರಿಯೂತವೆದ್ದು ಎಲುಬು ಕರಗುವುದೂ ಉಂಟು. ಆದಕಾರಣ ನೆಡುವುದನ್ನು ಕಲಿಯುವವನು ನೆಡದೆ ಬಿಡುವುದನ್ನೂ ಕಲಿಯಬೇಕು. ಮಾಡಿದುದರೊಡನೆ ಮಾಡದೆ ಬಿಟ್ಟುದನ್ನೂ ಲೆಕ್ಕಕ್ಕೆ ತರಬಲ್ಲವನೇ ಕಲಿತವನು.

ಗೃಹಸ್ಥರಿಗೂ ಇಲ್ಲಿ ಕರ್ತವ್ಯವುಂಟು. “ಈ ಹಲ್ಲನ್ನು ಉಳಿಸಲಾಗದೆ? ಈ ಕ್ರಮವನ್ನು ತಾವು ಎಲ್ಲಿ ಕಲಿತಿರಿ?” ಎಂದು ವಿನಯದಿಂದ ಕೇಳುವುದು ಅವಿಶ್ವಾಸವಲ್ಲ. ಹಾಗೆಯೇ ವೈದ್ಯನು ಪಾಠಕ್ಕೆಂದು ನಾಲ್ಕು ದಿನ ಬಾಗಿಲು ಹಾಕಿ ಹೋಗಿದ್ದರೆ, ನಮ್ಮ ಕೆಲಸ ತಡವಾಯಿತೆಂದು ಗೊಣಗದೆ, ಅದೂ ನಮ್ಮ ಚಿಕಿತ್ಸೆಯ ಭಾಗವೇ ಎಂದು ತಿಳಿಯತಕ್ಕದ್ದು.