ಒಳಮಗ್ಗುಲಿನ ನಾಲ್ಕು ಅಂಕಿ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದ ವ್ಯವಹಾರವಿದು. ಕೊಂಡವರು ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಮಾರಿದವರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಟಯರ್ ಅಂಗಡಿ ಇಟ್ಟುಕೊಂಡವರು. ಇಬ್ಬರ ಮಾತನ್ನೂ ಕೂತು ಕೇಳಿದ್ದೇನೆ. ಹೆಸರು ಬರೆಯುವುದಿಲ್ಲ. ಇಲ್ಲಿ ಪರೀಕ್ಷೆಗೆ ಒಡ್ಡಬೇಕಾದದ್ದು ಇಬ್ಬರು ಮಾಡಿದ ತೀರ್ಮಾನಗಳನ್ನು ಮಾತ್ರ.

2022ರ ಆಗಸ್ಟ್ ಹೊತ್ತಿಗೆ ಮೇಷ್ಟ್ರ ಸಣ್ಣ ಕಾರಿನ ಟಯರುಗಳು ಬೋಳಾಗುತ್ತ ಬಂದಿದ್ದವು. ಟಯರಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಪಟ್ಟಿಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ಪಟ್ಟಿಯ ಮಟ್ಟಕ್ಕೆ ಇಳಿಯಿತೆಂದರೆ ಉಳಿದ ಆಳ 1.6 ಮಿಲಿಮೀಟರ್. ಅದಕ್ಕಿಂತ ಸವೆದ ಟಯರಿನಲ್ಲಿ ಕಾರು ಓಡಿಸುವುದನ್ನು ಮೋಟಾರು ವಾಹನ ನಿಯಮಗಳು ಒಪ್ಪುವುದಿಲ್ಲ. ಮೇಷ್ಟ್ರು ನಿಯಮದ ಮನುಷ್ಯ. ಪಟ್ಟಿ ಮುಟ್ಟುವ ಮೊದಲೇ ಹೊಸ ಟಯರಿಗಾಗಿ ವಿಚಾರಿಸತೊಡಗಿದರು.

ಅವರಿಗೆ ಬೇಕಾಗಿದ್ದದ್ದು 165/80 ಆರ್ 14 ಅಳತೆಯ ನಾಲ್ಕು ಟಯರು. ಜಿಲ್ಲಾ ಕೇಂದ್ರದ ಶೋರೂಮಿನಲ್ಲಿ ಒಂದಕ್ಕೆ 4,800 ರೂಪಾಯಿ ಹೇಳಿದರು. ಊರಿನ ಅಂಗಡಿಯವರು ಅದೇ ಕಂಪನಿಯ, ಅದೇ ಅಳತೆಯ ಟಯರನ್ನು 3,300ಕ್ಕೆ ಕೊಡುತ್ತೇನೆಂದರು. "ಬಿಲ್ ಬೇಕು ಅಂದ್ರೆ 28 ಪರ್ಸೆಂಟ್ ಮೇಲೆ ಬೀಳುತ್ತೆ ಮೇಷ್ಟ್ರೇ, ಸುಮ್ನೆ ಯಾಕೆ?" ಎಂದು ಸೇರಿಸಿದರು. ಟಯರಿನ ಮೇಲೆ ಆಗ ಜಿಎಸ್‌ಟಿ ಇದ್ದದ್ದೇ 28. ಅದು 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಲೆಕ್ಕ ಮೇಷ್ಟ್ರ ಕಸುಬು. ಬಿಲ್ ಪಡೆದಿದ್ದರೂ ಒಂದು ಟಯರಿಗೆ 4,224 ಆಗುತ್ತಿತ್ತು, ನಾಲ್ಕರಿಂದ 2,304 ರೂಪಾಯಿ ಉಳಿಯುತ್ತಿತ್ತು. ಬಿಲ್ ಬಿಟ್ಟರೆ ಉಳಿತಾಯ 6,000. ಅವರು ಬಿಲ್ ಬಿಟ್ಟರು.

ಆ ಹೊತ್ತಿನಲ್ಲಿ ಅಂಗಡಿಯವರು ಇನ್ನೊಂದು ಮಾತು ಹೇಳಿದ್ದರಂತೆ: "ಸ್ಟಾಕ್ ಸ್ವಲ್ಪ ಹಳೇದು, ಆದ್ರೆ ಒಂದು ಕಿಲೋಮೀಟ್ರೂ ಓಡಿಲ್ಲ." ಹೇಳಿದ್ದೇನೆಂದು ಅವರು ಈಗಲೂ ಆಣೆ ಇಡುತ್ತಾರೆ. ಮೇಷ್ಟ್ರಿಗೆ ನೆನಪಿರುವುದು ವಾಕ್ಯದ ಉತ್ತರಾರ್ಧ ಮಾತ್ರ. ಇಬ್ಬರೂ ಸುಳ್ಳಾಡುತ್ತಿಲ್ಲ ಎಂದೇ ನನ್ನ ನಂಬಿಕೆ. ಬೆಲೆ ಮನಸ್ಸಿಗೆ ಒಪ್ಪಿದ ಮೇಲೆ ಕಿವಿ ತನಗೆ ಬೇಡವಾದದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. "ಹಳೇದು ಅಂದ್ರೆ ಎಷ್ಟು ಹಳೇದು?" ಎಂದು ಕೇಳಬೇಕಿತ್ತು. ಒಂದೇ ಪ್ರಶ್ನೆ. ಅದನ್ನು ಕೇಳಿದ್ದರೆ ಸಿಗುತ್ತಿದ್ದ ಉತ್ತರ ಆ ಬೆಲೆಯ ಸಂತೋಷವನ್ನು ಕೆಡಿಸುತ್ತಿತ್ತು.

ಮರುದಿನ ಶಿಕ್ಷಕರ ಕೊಠಡಿಯಲ್ಲಿ ಮೇಷ್ಟ್ರು ತಾವು ಕುದುರಿಸಿದ ವ್ಯಾಪಾರವನ್ನು ಎಲ್ಲರಿಗೂ ಹೇಳಿದರು, ಎಲ್ಲರೂ ಮೆಚ್ಚಿಕೊಂಡರು.

2024ರ ಮೇ ತಿಂಗಳಲ್ಲಿ ನೆರೆಮನೆಯ ವೃದ್ಧೆಯೊಬ್ಬರನ್ನು ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಕರೆದೊಯ್ಯಬೇಕಾಗಿತ್ತು. ಬಸ್ಸಿನಲ್ಲಿ ಅವರಿಗೆ ಕಷ್ಟವೆಂದು ಮೇಷ್ಟ್ರು ತಾವಾಗಿ ಕಾರು ಕೊಟ್ಟರು, ಓಡಿಸಲು ಅಕ್ಕನ ಮಗನನ್ನು ಕಳಿಸಿದರು, ಪೆಟ್ರೋಲಿನ ಹಣವನ್ನೂ ಮುಟ್ಟಲಿಲ್ಲ. ಈ ಒಳ್ಳೆಯತನವನ್ನು ಮರೆತು ಅವರನ್ನು ಅಳೆಯುವುದು ಅನ್ಯಾಯವಾದೀತು.

ಹಿರಿಯೂರು ದಾಟಿ ಶಿರಾ ಕಡೆಗೆ ಹೋಗುವ ಹೆದ್ದಾರಿ, ಮಧ್ಯಾಹ್ನದ ಬಿಸಿಲು. ಹಿಂದಿನ ಬಲಗಾಲಿಯಿಂದ ದಬದಬ ಸದ್ದು ಕೇಳಿಸಿತು. ರಸ್ತೆಯೇ ಹಾಗಿದೆ ಎಂದುಕೊಂಡ ಹುಡುಗ ಮುಂದುವರಿದ. ಸ್ವಲ್ಪ ದೂರದಲ್ಲಿ ಟಯರಿನ ಮೇಲ್ಪದರ ಒಣಮರದ ತೊಗಟೆಯಂತೆ ಕಿತ್ತುಹೋಯಿತು, ಕಾರು ತಿರುಗಿ ನಡುವಿನ ವಿಭಜಕಕ್ಕೆ ಬಡಿಯಿತು. ಹುಡುಗನ ಹಣೆಗೆ ಹೊಲಿಗೆ ಬಿದ್ದವು. ಮುಂದೆ ಕೂತಿದ್ದ ವೃದ್ಧೆಯ ಮಗನಿಗೆ ಏನೂ ಆಗಲಿಲ್ಲ. ಹಿಂದೆ ಬೆಲ್ಟ್ ಹಾಕದೆ ಕೂತಿದ್ದ ವೃದ್ಧೆಯ ಎಡಗೈ ಮೂಳೆ ಭುಜದ ಬಳಿ ಮುರಿಯಿತು. ಆ ವಯಸ್ಸಿನಲ್ಲಿ ಮುರಿದ ಮೂಳೆ ಮೊದಲಿನಂತೆ ಕೂಡಲಿಲ್ಲ. ಈಗ ಅವರು ತಲೆ ಬಾಚಿಕೊಳ್ಳಲು ಸೊಸೆಯನ್ನು ಕರೆಯಬೇಕು.

ಗ್ಯಾರೇಜಿನ ಮೆಕ್ಯಾನಿಕ್ ಉಳಿದ ಮೂರು ಗಾಲಿಗಳನ್ನು ಕಳಚಿ ಒಳಮಗ್ಗುಲನ್ನು ಮೇಷ್ಟ್ರಿಗೆ ತೋರಿಸಿದರು. ಮೂರರಲ್ಲೂ ಒಂದೇ ಅಂಕಿ: 1916. ಮೊದಲ ಎರಡು ಅಂಕಿ ವಾರ, ಕೊನೆಯೆರಡು ವರ್ಷ. 2016ನೇ ಇಸವಿಯ ಹತ್ತೊಂಬತ್ತನೇ ವಾರ, ಅಂದರೆ ಆ ವರ್ಷದ ಮೇ ತಿಂಗಳು. ಮೇಷ್ಟ್ರು ಹೊಸದೆಂದು ಕೊಂಡ ದಿನವೇ ಆ ಟಯರಿಗೆ ಆರು ವರ್ಷ ದಾಟಿತ್ತು. ಕಿತ್ತುಹೋದ ದಿನ ಎಂಟು. ಈ ಅಂಕಿ ಟಯರಿನ ಒಂದೇ ಮಗ್ಗುಲಲ್ಲಿ ಇರುವುದುಂಟು. ಆ ಮಗ್ಗುಲನ್ನು ಕಾರಿನ ಅಡಿಗೆ ತಿರುಗಿಸಿ ಕೂರಿಸಿದರೆ ಮಾಲೀಕ ವರ್ಷಗಟ್ಟಲೆ ಗಾಡಿ ತೊಳೆದರೂ ಅದು ಕಣ್ಣಿಗೆ ಬೀಳುವುದಿಲ್ಲ.

ಓಡದ ಟಯರಿಗೂ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ ಮತ್ತು ಓಝೋನು ರಬ್ಬರಿನ ಮೃದುತ್ವವನ್ನು ನಿಧಾನವಾಗಿ ತಿನ್ನುತ್ತವೆ, ಸೆಖೆ ಅದನ್ನು ಚುರುಕುಗೊಳಿಸುತ್ತದೆ. ಇದನ್ನು ತಡೆಯಲೆಂದು ರಬ್ಬರಿನಲ್ಲಿ ಬೆರೆಸಿದ ಮೇಣ ಟಯರು ಉರುಳುತ್ತಿದ್ದಾಗ ಮೇಲ್ಮೈಗೆ ಬಂದು ಕಾಪಾಡುತ್ತದೆ. ತಗಡಿನ ಶೆಡ್ಡಿನಲ್ಲಿ ಬಿದ್ದಲ್ಲೇ ಬಿದ್ದ ಟಯರಿಗೆ ಆ ಕಾಪು ಕಡಿಮೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿ, ಗ್ರಿಪ್ ಎಷ್ಟೇ ಉಳಿದಿದ್ದರೂ ಹತ್ತು ವರ್ಷಕ್ಕೆ ಬದಲಿಸಿ ಎಂದು ಹೆಸರಾಂತ ತಯಾರಕರೇ ಹೇಳುತ್ತಾರೆ. 1.6 ಮಿಲಿಮೀಟರಿನ ನಿಯಮ ಅಳೆಯುವುದು ಸವೆತವನ್ನು. ಆಳವಾದ ಗ್ರಿಪ್ ಇದ್ದ ಈ ಟಯರು ಆ ನಿಯಮದ ಕೈಗೆ ಸಿಗುವಂಥದ್ದೇ ಅಲ್ಲ.

ಎಂಟು ವರ್ಷವೆಂದರೆ ಹತ್ತರ ಒಳಗೇ ಆಯಿತು. ಹುಡುಗ ಹೊರಡುವ ಮುನ್ನ ಗಾಳಿ ನೋಡಿಸಿರಲಿಲ್ಲ, ವೇಗವೂ ಹೆಚ್ಚಿತ್ತು, ರಸ್ತೆ ಕಾದಿತ್ತು. ಗಾಳಿ ಕಡಿಮೆಯಿದ್ದ ಟಯರು ಒಳಗೇ ಬಿಸಿಯಾಗಿ ಪದರ ಬಿಡುವುದು ಹೊಸದರಲ್ಲೂ ಆಗಬಹುದು ಎಂದು ಮೆಕ್ಯಾನಿಕ್ಕೇ ಹೇಳಿದರು. ಆದ್ದರಿಂದ ವಯಸ್ಸೊಂದೇ ಕಾರಣವೆಂದು ನಾನು ಹೇಳಲಾರೆ. ಹೇಳಬಹುದಾದದ್ದು ಇಷ್ಟು: ಅಂಕಿ ಗೊತ್ತಿದ್ದರೆ ಮೇಷ್ಟ್ರು ಆ ಟಯರನ್ನು ವರ್ಷ ವರ್ಷ ಪರೀಕ್ಷೆ ಮಾಡಿಸುತ್ತಿದ್ದರು, ಗಾಳಿಯ ಬಗ್ಗೆ ಎಚ್ಚರ ಇಡುತ್ತಿದ್ದರು, ಆ ಬೇಸಿಗೆಯಲ್ಲಿ ದೂರದ ದಾರಿಗೆ ಅದನ್ನು ಕಳಿಸುತ್ತಿರಲಿಲ್ಲ. ಎಚ್ಚರದಿಂದಿರುವ ಅವಕಾಶವನ್ನೇ ಅವರಿಂದ ಕಿತ್ತುಕೊಳ್ಳಲಾಗಿತ್ತು.

ಮೇಷ್ಟ್ರು ಅಂಗಡಿಗೆ ಹೋದರು. ಅಂಗಡಿಯವರು ಜಗಳ ಮಾಡಲಿಲ್ಲ, ಅತ್ತರು. ಲಾಕ್‌ಡೌನಿನ ಕಾಲದಲ್ಲಿ ಮುಚ್ಚಿಹೋದ ಒಬ್ಬ ಡೀಲರನ ಸರಕನ್ನು ಅವರು ಸಾಲ ಮಾಡಿ ಒಟ್ಟಿಗೆ ಎತ್ತಿದ್ದರು. ಬಿಡಿಸಿ ನೋಡಿದಾಗ ಅದರಲ್ಲಿ ಹಳೆಯ ಟಯರುಗಳಿದ್ದವು. ಹಿಂದಿರುಗಿಸಲು ಕೊಟ್ಟವನೇ ಇರಲಿಲ್ಲ. ಬಡ್ಡಿ ನಡೆಯುತ್ತಿತ್ತು, ಮಗಳ ಕಾಲೇಜಿನ ಶುಲ್ಕ ಬಾಕಿಯಿತ್ತು. ಇದೆಲ್ಲ ನಿಜ. ಟಯರು ಕೂರಿಸುವ ಹುಡುಗ ಪಕ್ಕದಲ್ಲೇ ನಿಂತಿದ್ದ. ಅವನು ಬಾಯಿಬಿಟ್ಟ: "ನಂಬರ್ ಒಳಗಡೆ ಬರಂಗೆ ಹಾಕು ಅಂತ ಇವ್ರೇ ಹೇಳಿದ್ರು ಸಾರ್."

ಅಂಗಡಿಯವರ ಬಗ್ಗೆ ನನ್ನ ಅನುಕಂಪ ಈ ಮಾತಿನ ಮುಂದೆ ನಿಲ್ಲುತ್ತದೆ. ಕಷ್ಟದಲ್ಲಿ ಸಿಕ್ಕ ವ್ಯಾಪಾರಿ ಬಾಯಿ ಮುಚ್ಚಿಕೊಂಡ ಎಂದರೆ ದುರ್ಬಲತೆ ಎನ್ನಬಹುದು. ಹಳೆಯದೆಂದು ಅರ್ಧ ಬಾಯಲ್ಲಿ ಹೇಳಿದ್ದನ್ನೂ ಅವರ ಪರವಾಗಿ ಎಣಿಸೋಣ. ಆದರೆ ಅಂಕಿಯನ್ನು ಒಳಕ್ಕೆ ತಿರುಗಿಸು ಎಂದು ಹೇಳಬೇಕಾದರೆ ಅದರ ಅರ್ಥ ಅವರಿಗೆ ಪೂರ್ತಿ ತಿಳಿದಿತ್ತು. ಗಿರಾಕಿ ಮುಂದೊಂದು ದಿನ ತಾನಾಗಿ ಕಂಡುಕೊಳ್ಳಬಾರದು ಎಂಬುದೂ ಅದರಲ್ಲಿ ಸೇರಿತ್ತು. ಸಾಲಕ್ಕೆ ಹೆದರಿ ಮಾಡಿದ ಮೌನ ಬೇರೆ, ಕೈಯಿಂದ ಮಾಡಿದ ಈ ಕೆಲಸ ಬೇರೆ.

ಕೊನೆಗೆ ಒಪ್ಪಂದವಾಯಿತು. ಅಂಗಡಿಯವರು ನಾಲ್ಕೂ ಟಯರನ್ನು ಆ ವರ್ಷದ ಸರಕಿನಿಂದ ಬದಲಿಸಿ ಕೊಡುವುದು, ಮೇಷ್ಟ್ರು ವಿಷಯವನ್ನು ಎಲ್ಲೂ ಎತ್ತದಿರುವುದು. ಈ ಸಲ ಮೇಷ್ಟ್ರು ಅಂಕಿ ನೋಡಿಯೇ ಹಾಕಿಸಿಕೊಂಡರು. ಬಿಲ್ ಮಾತ್ರ ಈ ಸಲವೂ ಇರಲಿಲ್ಲ. ಹೊರಡುವಾಗ ಹುಡುಗ ಇನ್ನೊಂದು ಮಾತು ಹೇಳಿದ. ಅದೇ ಸರಕಿನ ಇನ್ನೊಂದು ಸೆಟ್ ಇತ್ತಂತೆ, ಅದು ಎಂದೋ ಮಾರಿಹೋಯಿತಂತೆ. ಯಾರಿಗೆ ಎಂದು ಮೇಷ್ಟ್ರು ಕೇಳಿದರು. ಯಾವುದೋ ಹೊರಗಿನ ಗಾಡಿ, ನೆನಪಿಲ್ಲ ಎಂಬ ಉತ್ತರ ಬಂತು.

ಮೊದಲ ತಪ್ಪಿಗಿಂತ ಈ ಎರಡನೆಯದನ್ನು ನಾನು ಭಾರವೆಂದು ತೂಗುತ್ತೇನೆ. ಮೊದಲ ಸಲ ಮೇಷ್ಟ್ರಿಗೆ ತಿಳಿದಿರಲಿಲ್ಲ, ತಿಳಿಯುವ ಇಚ್ಛೆಯೂ ಇರಲಿಲ್ಲ. ಎರಡನೆಯ ಸಲ ಎಲ್ಲವೂ ತಿಳಿದಿತ್ತು. ದೂರು ಏಕೆ ಕೊಡಲಿಲ್ಲ ಎಂದು ಕೇಳಿದೆ. "ಬಿಲ್ಲೇ ಇಲ್ಲದ ಮೇಲೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರು. ಬಿಲ್ ಇಲ್ಲದಿದ್ದರೆ ರುಜುವಾತು ಕಷ್ಟವೆಂಬುದು ಸರಿ. ಆದರೆ ಬಾಗಿಲು ಮುಚ್ಚಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ ಕೊಡದೆ ಮಾರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದ ಅವಧಿ ಇದೆ, ಫೋನಿನಲ್ಲಿ ಹಣ ಕಳಿಸಿದ ದಾಖಲೆ ಮೇಷ್ಟ್ರ ಬಳಿಯೇ ಇತ್ತು. ಅವರನ್ನು ತಡೆದದ್ದು ಕಾನೂನಲ್ಲ. ದೂರು ಕೊಟ್ಟರೆ ತೆರಿಗೆ ತಪ್ಪಿಸಿದ ಮೇಷ್ಟ್ರೆಂಬ ಮಾತು ಕಾಗದದ ಮೇಲೆ ಬರುತ್ತಿತ್ತು, ಅದಕ್ಕೆ ಹೆದರಿದರು.

ಬಿಲ್ ಇಲ್ಲದ ವ್ಯಾಪಾರವನ್ನು ನಾವೆಲ್ಲ ಸರ್ಕಾರಕ್ಕೂ ನಮಗೂ ನಡುವಿನ ಸಣ್ಣ ಲೆಕ್ಕ ಎಂದುಕೊಳ್ಳುತ್ತೇವೆ. ಗ್ರಾನೈಟಿನಿಂದ ಹಿಡಿದು ಬಂಗಾರದವರೆಗೆ "ಬಿಲ್ ಬೇಕಾ?" ಎಂಬ ಪ್ರಶ್ನೆಗೆ ಬೇಡ ಎನ್ನುವ ಅಭ್ಯಾಸ ಗೌರವಸ್ಥರ ಮನೆಗಳಲ್ಲೂ ಇದೆ. ಈ ಪ್ರಕರಣದಲ್ಲಿ ಆ ಕಾಗದದ ಇನ್ನೊಂದು ಉಪಯೋಗ ಕಾಣುತ್ತದೆ. ಬಿಲ್ ಇದ್ದಿದ್ದರೆ ಎರಡನೇ ಸೆಟ್ ಕೊಂಡವರನ್ನು ಹುಡುಕಿ ಎಚ್ಚರಿಸಬಹುದಿತ್ತು. ಈಗ ಹುಡುಕುವ ದಾರಿಯೇ ಇಲ್ಲ. ಅಗ್ಗಕ್ಕೆ ಕೊಳ್ಳುವುದರಲ್ಲಿ ದೋಷವಿಲ್ಲ. ಕಳೆದ ವರ್ಷದ ಸರಕನ್ನು ಇಂಥ ತಿಂಗಳದ್ದು ಎಂದು ತೋರಿಸಿ ಕಡಿಮೆ ಬೆಲೆಗೆ ಕೊಡುವ ಅಂಗಡಿಯಿದ್ದರೆ ಧಾರಾಳವಾಗಿ ಕೊಳ್ಳಬೇಕು. ನಾಲ್ಕೂ ಒಟ್ಟಿಗೆ ಕೊಂಡರೆ, ಹಳೆಯದನ್ನು ಬಿಟ್ಟುಕೊಟ್ಟರೆ, ಅಲೈನ್‌ಮೆಂಟು ಬ್ಯಾಲೆನ್ಸಿಂಗು ಸೇರಿಸಿ ಚೌಕಾಸಿ ಮಾಡಿದರೆ ಹಣ ಉಳಿಯುತ್ತದೆ. ಈ ಉಳಿತಾಯಕ್ಕೆಲ್ಲ ಕಾರಣ ಹೇಳಬಹುದು. ಕಾರಣ ಹೇಳದ ರಿಯಾಯಿತಿ ಎದುರಾದಾಗ ಏಕೆ ಎಂದು ಕೇಳುವುದು ಕೊಳ್ಳುವವನ ಕರ್ತವ್ಯ. ಆ ಗಾಡಿಯಲ್ಲಿ ಕೂರುವವರು ಅವನೊಬ್ಬನೇ ಅಲ್ಲವಲ್ಲ.

ಇಲ್ಲಿ ಕೂತವರು ನೆರೆಮನೆಯ ವೃದ್ಧೆ. ಅವರ ಆಸ್ಪತ್ರೆಯ ಖರ್ಚಿನ ಬಹುಪಾಲನ್ನು ಮೇಷ್ಟ್ರೇ ಕೊಟ್ಟರು, ಆರು ಸಾವಿರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. "ನಿನ್ನದೇನಪ್ಪ ತಪ್ಪು, ನನ್ನ ಹಣೇಲಿ ಬರೆದಿತ್ತು" ಎಂದು ಆಕೆ ಬಂದವರ ಮುಂದೆಲ್ಲ ಮೇಷ್ಟ್ರನ್ನು ಹೊಗಳುತ್ತಾರೆ. ಟಯರಿನ ವಯಸ್ಸಿನ ವಿಷಯ ಅವರಿಗಾಗಲಿ ಮಗನಿಗಾಗಲಿ ಗೊತ್ತಿಲ್ಲ. ಅಂಗಡಿಯವರು ತಮ್ಮಿಂದ ಮುಚ್ಚಿಟ್ಟದ್ದನ್ನು ಮೇಷ್ಟ್ರು ಈಗ ಆಕೆಯಿಂದ ಮುಚ್ಚಿಟ್ಟಿದ್ದಾರೆ. ಹಣ ಕೊಟ್ಟದ್ದರಿಂದ ಇದು ತೀರುವುದಿಲ್ಲ, ಏಕೆಂದರೆ ಆಕೆ ಅದನ್ನು ಉಪಕಾರವೆಂದು ತೆಗೆದುಕೊಂಡಿದ್ದಾರೆ.

ಇದನ್ನು ಮೇಷ್ಟ್ರಿಗೆ ನೇರವಾಗಿಯೇ ಹೇಳಿದೆ. ಅವರು ಅಂಗಡಿಯವರಿಗೆ ಕೊಟ್ಟ ಮಾತನ್ನು ನೆನಪಿಸಿದರು. ಆ ಮಾತು ಕೊಡುವಾಗ ವೃದ್ಧೆ ಅಲ್ಲಿರಲಿಲ್ಲ, ಆಕೆಯ ಕೈಯ ಮೇಲೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಇಬ್ಬರಿಗೂ ಇರಲಿಲ್ಲ ಎಂದೆ. ಈ ಬರಹವನ್ನು ಅಚ್ಚಿಗೆ ಮೊದಲೇ ಅವರಿಗೆ ಓದಲು ಕೊಟ್ಟಿದ್ದೇನೆ. ಅವರು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಪತ್ರಿಕೆ ಊರಿಗೆ ಬರುವ ಮೊದಲು ತಾವೇ ಆ ಮನೆಗೆ ಹೋಗಿ ಹೇಳುವುದಾಗಿ ತಿಳಿಸಿದ್ದಾರೆ.